ಐವತ್ತೆಂಟು ನಿಮಿಷ

ಓಟಗಾರರ ಬಳಗದವರು ಅಚ್ಚು ಹಾಕಿಸಿರುವ ಪಟ್ಟಿಯಲ್ಲಿ ನನ್ನ ಮೈದುನನ ಹೆಸರಿನ ಎದುರು ‘ಹತ್ತು ಕಿಲೋಮೀಟರ್, ಐವತ್ತೆಂಟು ನಿಮಿಷ’ ಎಂದಿದೆ. ಅದು ತಪ್ಪು. ತಪ್ಪು ಅವನದಲ್ಲ, ನನ್ನದು. ಬಳಗದ ಪುಸ್ತಕಕ್ಕೆ ಅವನ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದಾಗ, ಬರೆದರೆ ಇದನ್ನೂ ಬರೆಯುತ್ತೇನೆ ಎಂದೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ಅಚ್ಚಿನವರು ತಿದ್ದಿಕೊಳ್ಳಲಿ. ಅಂಕಿಗಳನ್ನು ಮಾತ್ರ ಯಾರೂ ಮುಟ್ಟಬಾರದು.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿಗೆ ಆರು ವರ್ಷ. ಈಗ ಐವತ್ತನಾಲ್ಕು. ಅವನಿಗೆ ಮದುವೆ ಆಗಲಿಲ್ಲ; ಯಾಕೆ ಎನ್ನುವುದು ಅವನ ವಿಷಯ, ಇಲ್ಲಿ ಬೇಡ. ನನ್ನ ಯಜಮಾನರು ಮನೆಯ ಮುಂದಿನ ಕೋಣೆಯಲ್ಲೇ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರ ಪಕ್ಕ ಕೂತು ಕೂತು ನಾನು ಅಕ್ಷರಕ್ಕಿಂತ ಚೆನ್ನಾಗಿ ಮುಳ್ಳು ಓದುವುದನ್ನು ಕಲಿತೆ. ಮೈದುನನಿಗೆ ಗಂಟೆ ನೋಡುವುದನ್ನು ಕಲಿಸಿದವಳೂ ನಾನೇ. ಕೆಲವು ಗಿರಾಕಿಗಳು, “ಐದು ನಿಮಿಷ ಮುಂದಿಟ್ಟು ಕೊಡಿ, ಕೆಲಸಕ್ಕೆ ತಡ ಆಗ್ಬಾರ್ದು” ಎನ್ನುತ್ತಿದ್ದರು. ಯಜಮಾನರು ಕಣ್ಣಿನ ಗಾಜು ತೆಗೆಯದೆ, “ಮನೆಗೆ ಹೋಗಿ ನೀವೇ ತಿರುಗಿಸ್ಕೊಳ್ಳಿ. ಸುಳ್ಳು ಹೇಳೋ ಗಡಿಯಾರ ನನ್ನ ಮೇಜಿಂದ ಎದ್ದು ಹೋಗಲ್ಲ” ಎನ್ನುತ್ತಿದ್ದರು. ಅವರು ತೀರಿಕೊಂಡು ಏಳು ವರ್ಷವಾಯಿತು.

ಮೈದುನ ಒಂಬತ್ತು ಮಹಡಿಯ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಾನೆ. ಇಪ್ಪತ್ತೇಳು ವರ್ಷದಿಂದ ಅದೇ ಸ್ಟೂಲು, ಅದೇ ಗುಂಡಿಗಳು. ಹೋದ ವರ್ಷ ಪ್ಯಾಂಟಿನ ಗುಂಡಿ ಹಾಕಲು ಆಗದೆ ಹೋದಾಗ ಡಾಕ್ಟರು ನಡೆಯಲು ಹೇಳಿದರು. ಇವನು ಓಡತೊಡಗಿದ. ಯಾಕಪ್ಪಾ ಎಂದರೆ, “ಇಡೀ ಆಯುಸ್ಸು ಮೇಲೆ ಕೆಳಗೇ ಆಯ್ತು ಅತ್ತಿಗೆ. ಒಂದ್ಸಲ ಮುಂದಕ್ಕೆ ಹೋಗಿ ನೋಡ್ತೀನಿ” ಎಂದ.

ಈ ಬೇಸಿಗೆ ಶುರುವಾಗುವಾಗ ಮೊದಲ ಪಂದ್ಯಕ್ಕೆ ಹೋದ. ಹತ್ತು ಕಿಲೋಮೀಟರಿಗೆ ಎಪ್ಪತ್ತೊಂದು ನಿಮಿಷ. ಎಲ್ಲರಿಗಿಂತ ಕೊನೆ. ಬಿಸಾಡಿದ ಲೋಟ ಹೆಕ್ಕುವ ವ್ಯಾನು ಅವನ ಬೆನ್ನ ಹಿಂದೆಯೇ ಬರುತ್ತಿತ್ತು. ಅವನು ಮುಟ್ಟುವ ಹೊತ್ತಿಗೆ ಕೊನೆಯ ಗೆರೆಯ ಮೇಲೆ ಕಟ್ಟಿದ್ದ ಬಟ್ಟೆಯನ್ನು ಮಡಚುತ್ತಿದ್ದರು. ಮಾರನೆಯ ದಿನ ಕಟ್ಟಡದ ವಾಚ್‌ಮನ್ ಲಿಫ್ಟಿನ ಬಾಗಿಲಲ್ಲಿ ನಿಂತು, “ಏನಣ್ಣಾ, ಇನ್ನೂ ಓಡ್ತಾ ಇದ್ದೀಯೇನೋ ಅಂದ್ಕೊಂಡಿದ್ದೆ, ಆಗ್ಲೇ ಮುಗೀತಾ?” ಎಂದನಂತೆ. ಮೈದುನ ಅದನ್ನು ನನಗೆ ನಗುತ್ತಲೇ ಹೇಳಿದ. ಆದರೆ ಅವತ್ತೇ ಮನಸ್ಸಿನಲ್ಲಿ ಒಂದು ಹಟ ಹಿಡಿದ. ಬೇಸಿಗೆಯ ಕೊನೆಗೆ ದೊಡ್ಡ ಪಂದ್ಯವಿತ್ತು. ಒಂದು ಗಂಟೆಯೊಳಗೆ ಓಡುವವರಿಗೆ ಅದರಲ್ಲಿ ಕೆಂಪು ನಂಬರ್ ಕೊಟ್ಟು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಾರೆ. ಆ ಕೆಂಪು ನಂಬರ್ ಅವನಿಗೆ ಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಉದ್ಯಾನದಲ್ಲಿ ಅಭ್ಯಾಸ. ಸುತ್ತಲ ದಾರಿ ಎರಡು ಕಿಲೋಮೀಟರ್, ಐದು ಸುತ್ತಿಗೆ ಹತ್ತು. ಯಾರೋ ರಿಪೇರಿಗೆ ಕೊಟ್ಟು ವಾಪಸ್ ಬಾರದೆ ಉಳಿದಿದ್ದ ಸ್ಟಾಪ್‌ವಾಚ್ ಒಂದು ಯಜಮಾನರ ಪೆಟ್ಟಿಗೆಯಲ್ಲಿತ್ತು. ಅದನ್ನು ಹಿಡಿದು ನಾನು ಗೇಟಿನ ಪಕ್ಕದ ಸಿಮೆಂಟ್ ಬೆಂಚಿನಲ್ಲಿ ಕೂರುತ್ತಿದ್ದೆ. ಅವನು ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ. “ನೋಡ್ತಾ ಓಡಿದ್ರೆ ಕಾಲು ಹೆದರ್ತವೆ. ನೀವು ಹೇಳಿ, ಸಾಕು” ಎನ್ನುತ್ತಿದ್ದ. ಪ್ರತಿ ಸುತ್ತಿಗೂ ಗೇಟಿನ ಹತ್ತಿರ ಬಂದಾಗ ನನ್ನ ಕಡೆ ಕೈ ಎತ್ತಿ ಹೋಗುತ್ತಿದ್ದ.

ಮೊದಲ ಭಾನುವಾರ ಅರವತ್ತೊಂಬತ್ತು ನಿಮಿಷ ಇಪ್ಪತ್ತು ಸೆಕೆಂಡು. ಎರಡನೆಯದು ಅರವತ್ತೆಂಟು ಐವತ್ತು. ಮೂರನೆಯದು ಅರವತ್ತೊಂಬತ್ತು ಐದು. ಕಾಲಿಗೆ ಬುದ್ಧಿ ಹೇಳುವುದು ಎನ್ನುತ್ತಾರೆ. ಇವನ ಕಾಲು ಯಾವ ಬುದ್ಧಿಯನ್ನೂ ಕೇಳುವಂತೆ ಕಾಣಲಿಲ್ಲ. ನಾಲ್ಕನೆಯ ಭಾನುವಾರ ಐದು ಸುತ್ತು ಮುಗಿಸಿ ನೆಲದ ಮೇಲೆ ಕೂತು, ನಾನು ಬಾಯಿ ತೆರೆಯುವ ಮೊದಲೇ ಬೂಟಿನ ದಾರ ಬಿಚ್ಚತೊಡಗಿದ.

“ಇವತ್ತೂ ಅಷ್ಟೇ ಆಗಿದ್ರೆ ಈ ಬೂಟು ವಾಚ್‌ಮನ್‌ಗೆ ಕೊಟ್ಟುಬಿಡ್ತೀನಿ. ಎಷ್ಟಾಯ್ತು ಅತ್ತಿಗೆ?”

ಮುಳ್ಳು ಅರವತ್ತೊಂಬತ್ತು ನಿಮಿಷ ಹತ್ತು ಸೆಕೆಂಡಿನ ಮೇಲಿತ್ತು. ಆರು ವರ್ಷದ ಹುಡುಗನಾಗಿ ಹಲ್ಲು ಬಿದ್ದ ಬಾಯಲ್ಲಿ ಗಂಟೆ ಹೇಳುತ್ತಿದ್ದ ಮುಖವೇ ನನ್ನ ಎದುರಿಗಿತ್ತು.

“ಅರವತ್ತೇಳು” ಎಂದೆ. ಮುಳ್ಳನ್ನು ಸೊನ್ನೆಗೆ ತಂದುಬಿಟ್ಟೆ.

ಅವನು ದಾರ ಮತ್ತೆ ಕಟ್ಟಿಕೊಂಡ.

ಒಂದೇ ಸಲ ಎಂದುಕೊಂಡಿದ್ದೆ. ಆದರೆ ಮುಂದಿನ ವಾರ ಅವನು ನಿಜವಾಗಿ ಅರವತ್ತೆಂಟು ನಲವತ್ತಕ್ಕೆ ಬಂದ. ಹಾಗೆಂದರೆ ಹಿಂದೆ ಬಿದ್ದೆ ಎಂದುಕೊಳ್ಳುತ್ತಾನೆ. ಅರವತ್ತಾರು ಎಂದೆ. ನಿಜ ಒಂದು ಹೆಜ್ಜೆ ಇಳಿದರೆ ನನ್ನ ಸುಳ್ಳು ಎರಡು ಹೆಜ್ಜೆ ಇಳಿಯಬೇಕಾಯಿತು. ಏಳನೆಯ ವಾರ ಗುಡ್ಡದ ದಾರಿಯಲ್ಲಿ ಏಳು ಕಿಲೋಮೀಟರಿನ ಚಿಕ್ಕ ಪಂದ್ಯ ಬಂತು. ಅದರಲ್ಲಿ ಅವನ ಹಿಂದೆ ನಾಲ್ಕು ಜನರಿದ್ದರು. “ನಾಲ್ಕು ಜನ ಅತ್ತಿಗೆ! ಹಿಂದೆ ತಿರುಗಿ ಎಣಿಸ್ದೆ!” ಎಂದು ಕುಣಿದ. ನನ್ನ ಸುಳ್ಳಿನಿಂದ ಒಳ್ಳೆಯದೇ ಆಗುತ್ತಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೂ ಮನೆಗೆ ಬಂದು ಬೀರುವಿನ ಬಾಗಿಲ ಒಳಮೈ ಮೇಲೆ ಪೆನ್ಸಿಲ್‌ನಿಂದ ಪ್ರತಿ ವಾರವೂ ನಿಜವಾದ ಅಂಕಿಯನ್ನೇ ಬರೆಯುತ್ತಿದ್ದೆ. ಬಾಯಿ ಸುಳ್ಳು ಹೇಳಿತು, ಬರೆಯಲು ಕೈ ಬರಲಿಲ್ಲ.

ಹತ್ತನೆಯ ಭಾನುವಾರ ದೊಡ್ಡ ಪಂದ್ಯದ ಅರ್ಜಿ ತಂದು ಊಟದ ಮೇಜಿನ ಮೇಲೆ ಹರಡಿದ. ಬಳಗದ ಪಟ್ಟಿಗೂ ಅದರಿಂದಲೇ ಅಂಕಿ ತೆಗೆದುಕೊಳ್ಳುತ್ತಾರೆ. ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡು, “ಅತ್ತಿಗೆ, ಇವತ್ತಿಂದು ಐವತ್ತೆಂಟೇ ತಾನೇ? ಬರೆದುಬಿಡ್ಲಾ?” ಎಂದ.

ಅವತ್ತಿನ ನಿಜ ಅರವತ್ತಮೂರು ನಿಮಿಷ ಮೂವತ್ತು ಸೆಕೆಂಡು. ಅವನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ನನ್ನ ಹಿಂದೆಯೇ ಬೀರು ಇತ್ತು. ಎದ್ದು ಬಾಗಿಲು ತೆರೆದಿದ್ದರೆ ಸಾಕಾಗಿತ್ತು.

“ಬರಿ” ಎಂದೆ.

ಪಂದ್ಯದ ದಿನ ಕೆಂಪು ನಂಬರನ್ನು ಎದೆಗೆ ಚುಚ್ಚಿಕೊಟ್ಟವಳೂ ನಾನೇ. ಪಿನ್ನು ನನ್ನ ಬೆರಳಿಗೇ ಎರಡು ಸಲ ತಾಗಿತು. ಮುಂದಿನ ಸಾಲಿನಲ್ಲಿ ಅರ್ಧ ವಯಸ್ಸಿನವರ ಮಧ್ಯೆ ನಿಂತಿದ್ದ. ಅವರ ಜೊತೆಯೇ ಬಾಣದ ಹಾಗೆ ಹೋದ. ನಾನು ಕೊನೆಯ ಗೆರೆಯ ಹತ್ತಿರ ಕಂಬಿ ಹಿಡಿದು ಕಾದೆ. ಒಂದು ಗಂಟೆ ಆಯಿತು. ಎಪ್ಪತ್ತು ನಿಮಿಷವಾಯಿತು, ಹಿಂದಿನ ಸಾಲಿನವರೂ ಬಂದರು. ಎಂಬತ್ತೆರಡಕ್ಕೆ ಲೋಟ ಹೆಕ್ಕುವ ವ್ಯಾನು ಬಂತು. ಲೋಟದ ಮೂಟೆಗಳ ಪಕ್ಕದಲ್ಲಿ, ತಲೆಯ ಮೇಲೆ ಟವೆಲ್ ಹಾಕಿಕೊಂಡು ಅವನು ಕೂತಿದ್ದ. ಮೂರು ಕಿಲೋಮೀಟರ್ ಮುಂದಿನವರ ಜೊತೆ ಓಡಿ, ಆರನೆಯದರಲ್ಲಿ ಕಾಲು ಹಿಡಿದು, ವಾಂತಿಯಾಗಿ ರಸ್ತೆ ಬದಿಯಲ್ಲಿ ಕೂತುಬಿಟ್ಟನಂತೆ.

“ಮೊದಲ್ನೇ ಸಲ ಕೊನೆಯವನಾದ್ರೂ ಆಗಿದ್ದೆ” ಎಂದ.

ಮನೆಗೆ ಬಂದು ಬೂಟನ್ನು ಅಟ್ಟಕ್ಕೆ ಎಸೆದ. “ಐವತ್ತೆಂಟು ಓಡಿದ ಕಾಲು ಇವೇ ಅಲ್ವಾ ಅತ್ತಿಗೆ? ಜನರನ್ನ ಕಂಡ್ರೆ ಕೈಕಾಲು ಬಿಡೋ ಹೇಡಿ ನಾನು. ಅಷ್ಟೇ.”

ನಾನು ಆಗಲೂ ಹೇಳಲಿಲ್ಲ. ಹೇಳಿದರೆ ಅವನ ಕೈಯಲ್ಲಿ ಉಳಿದಿದ್ದ ಒಂದೇ ಹೆಮ್ಮೆ, ಆ ಐವತ್ತೆಂಟು, ಅದೂ ಹೋಗುತ್ತದೆ ಎಂದು ನೆವ ಹೇಳಿಕೊಂಡೆ. ಹನ್ನೊಂದು ದಿನ ಅವನ ಮುಖ ನೋಡದೆ ಬಡಿಸಿದೆ.

ಹನ್ನೆರಡನೆಯ ದಿನ ಊಟದ ಡಬ್ಬಿ ಮರೆತು ಹೋದ. ನಾನೇ ತೆಗೆದುಕೊಂಡು ಹೋದೆ. ಲಿಫ್ಟಿನಲ್ಲಿ ಕಡತ ಹಿಡಿದ ಗುಮಾಸ್ತರೊಬ್ಬರಿದ್ದರು. “ಏನು ಕೆಂಪು ನಂಬರ್, ಐದಕ್ಕೆ ಬಿಡಪ್ಪ. ಮಧ್ಯದಲ್ಲೆಲ್ಲೂ ಕೂತ್ಕೋಬೇಡ ಮತ್ತೆ!” ಎಂದರು. ಮೈದುನ ಅವರ ಜೊತೆ ತಾನೂ ನಕ್ಕ. ಆ ನಗುವನ್ನು ನನ್ನಿಂದ ನೋಡಲಾಗಲಿಲ್ಲ. ಅವರು ಐದರಲ್ಲಿ ಇಳಿದರು. ನಾನು ಇಳಿಯಲಿಲ್ಲ.

“ಮೇಲಕ್ಕೆ ತಗೊಂಡ್ಹೋಗು” ಎಂದೆ.

“ಎಲ್ಲಿಗೆ?”

“ಎಲ್ಲಿಗಾದ್ರೂ. ನೀನು ಹೇಡಿ ಅಲ್ಲ ಕಣೋ. ನೀನು ಐವತ್ತೆಂಟು ಓಡೇ ಇಲ್ಲ. ನಾನು ಸುಳ್ಳು ಹೇಳ್ದೆ.”

ಅವನು ಒಂಬತ್ತನ್ನು ಒತ್ತಿದ. ಲಿಫ್ಟ್ ಮೇಲೆ ಹೋಗಿ ನಿಂತಿತು. ಬಾಗಿಲು ತೆರೆಯಿತು, ಯಾರೂ ಇರಲಿಲ್ಲ, ಮುಚ್ಚಿತು. ಕೆಳಗೆ ಯಾರೋ ಬೆಲ್ ಒತ್ತುತ್ತಲೇ ಇದ್ದರು.

“ಯಾವ ಭಾನುವಾರದಿಂದ?”

“ನಾಲ್ಕನೇದು.”

“ನಿಜ ಎಷ್ಟು?”

“ಹತ್ತನೇದಕ್ಕೆ ಅರವತ್ತಮೂರು ಮೂವತ್ತು. ಎಲ್ಲಾನೂ ಬೀರು ಬಾಗಿಲ ಮೇಲಿದೆ.”

ಅವನು ಬೆರಳು ಮಡಚಿ ಲೆಕ್ಕ ಹಾಕಿದ. “ಅಂದ್ರೆ ಸುಮಾರು ಆರು ನಿಮಿಷ ನಾನೇ ಇಳಿಸಿದ್ದೆ. ಅಷ್ಟೇ ಹೇಳಿದ್ರೆ ನನಗೆ ಸಾಕಿತ್ತಲ್ಲ ಅತ್ತಿಗೆ” ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೆಳಗಿಳಿಯುವ ತನಕ ಇಬ್ಬರೂ ಬಾಗಿಲ ಮೇಲಿನ ಅಂಕಿಗಳನ್ನೇ ನೋಡುತ್ತಾ ನಿಂತಿದ್ದೆವು. ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು.

ಮೂರು ವಾರ ಕಳೆದ ಮೇಲೆ ಬೂಟು ಅಟ್ಟದಿಂದ ಇಳಿಯಿತು. ಸ್ಟಾಪ್‌ವಾಚನ್ನು ನನ್ನ ಮುಂದಿಟ್ಟು, “ನಿಲ್ಲಿಸಿ ನನ್ನ ಕೈಗೆ ಕೊಡಿ. ಬಾಯಲ್ಲಿ ಹೇಳೋದು ಬೇಡ” ಎಂದ. ಈಗ ಹಾಗೆಯೇ ಮಾಡುತ್ತೇನೆ. ಅವನೇ ಓದುತ್ತಾನೆ, ಮನೆಗೆ ಬಂದು ಬೀರುವಿನ ಬಾಗಿಲ ಮೇಲೆ ನನ್ನ ಅಂಕಿಗಳ ಕೆಳಗೆ ಅವನೇ ಬರೆಯುತ್ತಾನೆ. ಕಳೆದ ಭಾನುವಾರದ್ದು ಅರವತ್ತೆರಡು ನಿಮಿಷ ನಲವತ್ತು ಸೆಕೆಂಡು. ಬಳಗದವರು ಪಟ್ಟಿಯಲ್ಲಿ ಐವತ್ತೆಂಟನ್ನು ಹೊಡೆದು ಇದನ್ನು ಹಾಕಬೇಕು.

ಮೊದಲಿನ ಹಾಗೆ ಗೇಟಿನ ಹತ್ತಿರ ಬಂದಾಗ ಅವನು ನನ್ನ ಕಡೆ ಕೈ ಎತ್ತುವುದಿಲ್ಲ. ಮೊನ್ನೆ ನಾಲ್ಕನೆಯ ಸುತ್ತಿನಲ್ಲಿ ಎತ್ತಿದನೋ, ಹಣೆಯ ಬೆವರು ಒರೆಸಿಕೊಂಡನೋ, ಬಿಸಿಲಿಗೆ ನನಗೆ ಸರಿಯಾಗಿ ಕಾಣಲಿಲ್ಲ. ಎತ್ತಿದ ಎಂದು ಬರೆಯಲಾರೆ.