ಸ್ಟೆಲ್ಲಾ ಕಿತ್ತುಕೊಂಡ ಚಪ್ಪಲಿ

ಕಳೆದ ಭಾನುವಾರ ರಾಣೆಬೆನ್ನೂರಿನ ಚರ್ಚಿನಲ್ಲಿ ಬಲಿಪೂಜೆ ಮುಗಿಸಿಕೊಂಡು ನಾನು ಹಾವೇರಿಯ ಮನೆಗೆ ಬಂದದ್ದು ಒಂದೇ ಚಪ್ಪಲಿಯಲ್ಲಿ. ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ನನ್ನ ಕಾಲು ನೋಡಿದ. ಹೆಂಡತಿಯಂತೂ ಬಾಗಿಲಲ್ಲೇ ತಡೆದಳು.

"ಇನ್ನೊಂದೆಲ್ಲಿ ಐತ್ರಿ?"

"ಬ್ಯಾಡಗಿಗೆ ಹೋಗೇತಿ," ಅಂದೆ. (ಸುಳ್ಳಲ್ಲ.)

ಬ್ಯಾಡಗಿಯಲ್ಲಿ ನನ್ನ ಅಕ್ಕನ ಮನೆಯಿದೆ. ಎರಡು ವರ್ಷದ ಹಿಂದೆ ಅವಳ ಹಿರಿಯ ಮಗ ತೀರಿಕೊಂಡ. ಅವನ ಹೆಂಡತಿ ಸ್ಟೆಲ್ಲಾ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತ, ಎಂಟು ವರ್ಷದ ಮಗಳನ್ನು ಸಾಕುತ್ತ ಅತ್ತೆಯ ಜೊತೆಗೇ ಇದ್ದಾಳೆ. ಕಿರಿಯ ಮಗ ಫಿಲಿಪ್‌ಗೆ ಇನ್ನೂ ಮದುವೆಯಾಗಿಲ್ಲ.

ಇಷ್ಟು ಸಿಕ್ಕರೆ ಸೋದರಮಾವನಾದವನು ಸುಮ್ಮನಿರುತ್ತಾನೆಯೇ? ಸ್ಟೆಲ್ಲಾಳಿಗೂ ಮೈದುನನಿಗೂ ಮದುವೆ ಮಾಡಿಬಿಡೋಣ ಅಂದೆ. ಅಕ್ಕ ಹೂಂ ಅಂದಳು. "ನೀವು ಹೇಳಿದಂಗ ಮಾಮಾ," ಅಂದ ಫಿಲಿಪ್. ಸ್ಟೆಲ್ಲಾಳೂ ಹೂಂ ಎಂದು ತಲೆಯಾಡಿಸಿದಳು. ಒಂದು ಕಪ್ ಚಹಾ ಮುಗಿಯುವುದರೊಳಗೆ ಒಂದು ಸಂಸಾರ ದಡ ಸೇರಿಸಿದೆನಲ್ಲ ಎಂದು ನನಗೆ ನಾನೇ ಶಭಾಷ್ ಹೇಳಿಕೊಂಡೆ.

ರಾಣೆಬೆನ್ನೂರಿನ ಫಾದರ್ ಹತ್ತಿರವೂ ಜೋರಿನಲ್ಲೇ ಹೋದೆ. "ಇದೇನ್ ಹೊಸಾದಲ್ಲ ಫಾದರ್, ಬೈಬಲ್‌ನಾಗ ಮೋಶೆ ಕಾಲದಾಗೇ ಐತಿ. ಅಣ್ಣ ಸತ್ರ ತಮ್ಮ ವೈನೀನ ಮದಿವಿ ಆಗಬೇಕಂತ."

"ಒಲ್ಲೆ ಅಂದ ಮೈದುನನ ಚಪ್ಪಲಿನ ಆಕಿ ಎಲ್ಲಾರ ಮುಂದ ಬಿಚ್ಚಬೇಕಂತನೂ ಐತಿ. ಅದನ್ನೂ ಮಾಡೋಣೇನ್ರಿ?" ಅಂದರು ಫಾದರ್.

ನಮ್ಮಲ್ಲಿ ಮದುವೆಗೆ ಮೊದಲು ಗಂಡು ಹೆಣ್ಣು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಫಾದರ್ ಪ್ರಶ್ನೆ ಕೇಳುತ್ತಾರೆ. ಮನಸ್ಸಿನಿಂದ ಒಪ್ಪಿದ್ದೀಯಾ? ಯಾರಾದರೂ ಒತ್ತಾಯ ಮಾಡಿದರಾ? ಇಂಥ ಮದುವೆಗೆ ಇಂದಿನ ಚರ್ಚಿನ ಕಾನೂನು ಅಡ್ಡ ಬರುವುದಿಲ್ಲ, ಮಾಡಲೇಬೇಕೆಂದೂ ಹೇಳುವುದಿಲ್ಲ. ಈ ಪ್ರಶ್ನೆಯನ್ನು ಮಾತ್ರ ಬಿಡುವುದಿಲ್ಲ. ಬರೀ ಫಾರ್ಮಾಲಿಟಿ ಎಂದುಕೊಂಡ ನಾನು ಹೊರಗೆ ಕೂತು ಮದುವೆ ಊಟದ ಮೆನು ಯೋಚಿಸುತ್ತಿದ್ದೆ.

ಕಳೆದ ಭಾನುವಾರ ಪೂಜೆಯಾದ ಮೇಲೆ ಇಬ್ಬರ ಸರದಿಯೂ ಮುಗಿಯಿತು. ಅವರಿಬ್ಬರ ಒಪ್ಪಿಗೆ ಕೇಳಿಕೊಂಡೇ ಫಾದರ್ ನನ್ನನ್ನೂ ಅಕ್ಕನನ್ನೂ ಒಳಗೆ ಕರೆದರು.

"ನನಗ ಈ ಮದಿವಿ ಬ್ಯಾಡ್ರಿ," ಅಂದಳು ಸ್ಟೆಲ್ಲಾ. "ನಾ ಈ ಮನಿಗೆ ಬಂದಾಗ ಫಿಲಿಪ್ ಏಳನೇ ಕ್ಲಾಸ್ ಇದ್ದ. ಸಾಲಿಗೆ ಬುತ್ತಿ ಕಟ್ಟಿ ಕಳಿಸೇನಿ. ಒಲ್ಲೆ ಅಂದ್ರ ಮನಿ ಬಿಡಬೇಕಾಗ್ತದೇನೋ ಅಂತ ಹೂಂ ಅಂದೆ."

ಫಿಲಿಪ್ ಕಣ್ಣರಳಿಸಿದ. "ಅಯ್ಯ ವೈನಿ! ನಾ ಒಲ್ಲೆ ಅಂದ್ರ ನಿಮ್ಮನ್ನ ಕರ್ಜಗಿಗೆ, ತವರಮನಿಗೆ ಕಳಿಸಿಬಿಡ್ತಾರಂತ ನಾನೂ ಹೂಂ ಅಂದೆ!"

ಅಕ್ಕ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು. "ನಿನ್ನ ಯಾರು ಕಳಿಸ್ತಾರ, ಹುಚ್ಚಿ? ನೀ ಎಲ್ಲಿ ಹೋಗಿಬಿಡ್ತೀಯೋ ಅಂತನ ನಾ ಒಪ್ಪಿದ್ದು. ಅದು ನಿನ್ನ ಮನಿ."

ಒಬ್ಬರನ್ನೊಬ್ಬರು ಬಿಡಲಾರದೆ ಮೂವರೂ ಬೇಡದ ಮದುವೆಗೆ ಹೊರಟಿದ್ದರು. ಹೊರಡಿಸಿದ ಮಹಾನುಭಾವ ನಾನು.

"ವಿಧವೆಯರನ್ನ ನೋಡ್ಕೊಳ್ಳೂದು ಇಡೀ ಧರ್ಮಸಭೆಯ ಕೆಲಸ. ಮೈದುನನ ಕೊರಳಿಗೆ ಕಟ್ಟಿ ಉಳಿದವ್ರು ಕೈ ತೊಳ್ಕೊಳ್ಳೂದಲ್ಲ," ಎಂದು ಫಾದರ್ ನನ್ನನ್ನೇ ನೋಡಿ ಹೇಳಿದರು. ಆಮೇಲೆ ನಕ್ಕರು. "ಫಿಲಿಪ್ ಒಲ್ಲೆ ಅಂದಾನ. ಬಿಚ್ಚವಾ ಸ್ಟೆಲ್ಲಾ, ಚಪ್ಪಲಿ!"

"ಅವನ್ದೇನ್ ತಪ್ಪೈತ್ರಿ ಫಾದರ್?" ಎಂದವಳೇ ಬಗ್ಗಿ ನನ್ನ ಎಡಗಾಲಿನ ಚಪ್ಪಲಿ ಕಿತ್ತುಕೊಂಡಳು. ಗಂಡ ಹೋದ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ನನಗೆಷ್ಟು ಖುಷಿಯಾಯಿತೆಂದರೆ ಇನ್ನೊಂದನ್ನೂ ಬಿಚ್ಚಿ ಕೊಡಲು ಹೋದೆ.

"ಅದನ್ನ ಹಾಕ್ಕೊಂಡು ಹೋಗ್ರಿ ಮಾಮಾ. ಇದು ಬೇಕಂದ್ರ ಮನಿಗೆ ಬರ್ರಿ," ಎಂದು ಬ್ಯಾಡಗಿ ಬಸ್ಸು ಹತ್ತಿದಳು.

ನಾಳೆ ಹೋಗುತ್ತಿದ್ದೇನೆ. ಈ ಸಲ ಸಲಹೆ ಗಿಲಹೆ ಏನೂ ಒಯ್ಯುತ್ತಿಲ್ಲ. ಎರಡು ವರ್ಷದಿಂದ ನಮ್ಮಲ್ಲಿ ಯಾರೂ ಕೇಳದ ಒಂದೇ ಒಂದು ಪ್ರಶ್ನೆ ಒಯ್ಯುತ್ತಿದ್ದೇನೆ: "ಸ್ಟೆಲ್ಲಾ, ನಿನಗೇನ್ ಬೇಕವಾ?"