ಮೊಳೆಗೆ ಮರಳದ ದಬ್ಬಳ

ಮಧ್ಯಾಹ್ನದ ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದಾಗ, ಬೀದಿಯವರು ‘ಹಾಸಿಗೆ ಅಕ್ಕ’ ಎಂದೇ ಕರೆಯುವ ಅಕ್ಕ ಮುಕ್ಕಾಲು ಹೊಲಿದ ಹಾಸಿಗೆಯ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದರು. ಬೆರಳಿಗೆ ದಾರ ಸುತ್ತಿಕೊಂಡೇ ಇತ್ತು. ಹೊರಗೆ ಸರಕಿನ ವ್ಯಾನು ನಿಲ್ಲಿಸಿ ಬಂದ ಅವರ ತಂಗಿ ಬಾಗಿಲಲ್ಲೇ ನಿಂತು ನೋಡಿದಳು.

“ಅಕ್ಕಾ, ಕೂತ್ಕೊಂಡು ನಿದ್ದೆ ಮಾಡೋಕೆ ನೀನೇನು ಕೋಳಿನಾ?”

“ನಿದ್ದೆ ಎಲ್ಲಿ ಮಾಡಿದೆ? ಕಣ್ಣು ಮುಚ್ಚಿದ್ದೆ ಅಷ್ಟೆ.”

“ಬಾಯಿ ಯಾಕೆ ತೆರೆದಿತ್ತು ಮತ್ತೆ?”

ಅಕ್ಕ ಮುಖ ಒರೆಸಿಕೊಂಡು ಗೋಡೆಯತ್ತ ಕೈಚಾಚಿ ದಬ್ಬಳ ತೆಗೆದುಕೊಂಡರು. ದಬ್ಬಳವೆಂದರೆ ಹಾಸಿಗೆಯ ಮೇಲಿಂದ ಚುಚ್ಚಿದರೆ ಕೆಳಗೆ ಹೊರಬರುವಷ್ಟು ಉದ್ದದ ಸೂಜಿ. ಉಳಿದ ಗಂಟುಗಳನ್ನು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದು, ಹಾಸಿಗೆ ಸುರುಳಿ ಸುತ್ತಿ ಕೊಟ್ಟರು. ತಂಗಿ ಅದನ್ನು ವ್ಯಾನಿಗೆ ಹಾಕಿಕೊಂಡು ನಿವೃತ್ತ ಪೋಸ್ಟ್‌ಮ್ಯಾನ್ ಮನೆಗೆ ಹೊರಟಳು.

ನೆರೆ ಇಳಿದ ಮೇಲೆ ಈ ಬೀದಿಯ ಮನೆಗಳಿಂದ ಮೊದಲು ಹೊರಬಿದ್ದದ್ದು ಹಾಸಿಗೆಗಳು. ನೀರು ಕುಡಿದು ಹೆಣಭಾರವಾಗಿದ್ದ ಅವುಗಳನ್ನು ನಾಲ್ಕು ಜನ ಹಿಡಿದು ಎಳೆದು ಮೂಲೆಯಲ್ಲಿ ಗುಡ್ಡೆ ಹಾಕಿದ್ದರು. ಲಾರಿ ಬಂದು ಒಯ್ಯುವವರೆಗೆ ಆ ದಾರಿಯಲ್ಲಿ ಮೂಗು ಮುಚ್ಚದೆ ಯಾರೂ ನಡೆಯಲಿಲ್ಲ. ಗೋಡೆಗಳ ಮೇಲೆ ಎದೆಯೆತ್ತರಕ್ಕೆ ಕೆಸರಿನ ಗೆರೆ ಈಗಲೂ ಇದೆ. ಅಕ್ಕನ ಅಂಗಡಿಯೊಳಗೂ ಇದೆ. ಆದರೆ ಅಟ್ಟದ ಮೇಲಿದ್ದ ಹತ್ತಿ ನೆನೆಯಲಿಲ್ಲ. ಇಡೀ ಬೀದಿಗೆ ಹಾಸಿಗೆ ಬೇಕು, ಒಣ ಹತ್ತಿ ಇರುವುದು ಒಬ್ಬರ ಬಳಿ. ಅಂದಿನಿಂದ ಅವರಿಗೆ ಬಿಡುವಿಲ್ಲ.

ಅಂಗಡಿಯ ಹಿಂದಿನ ಒಂದೇ ಕೋಣೆ ಅವರ ಮನೆ. ಗಂಡ ತೀರಿಕೊಂಡು ವರ್ಷಗಳಾಗಿವೆ. ಒಣ ಹತ್ತಿಯಲ್ಲಿ ಮೊದಲು ಹೊಲಿದ ಹಾಸಿಗೆ ಅವರಿಗಾಗಿಯೇ ಇತ್ತು. ಅದು ಸಿದ್ಧವಾದ ದಿನ ಬೇಕರಿಯವರ ಹೆಂಡತಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದರು. “ಪರವಾಗಿಲ್ಲ, ಇದನ್ನೇ ತಗೊಂಡು ಹೋಗಿ” ಎಂದರು ಅಕ್ಕ. ಎರಡನೆಯದೂ ಹಾಗೆಯೇ ಯಾರದೋ ಮನೆ ಸೇರಿತು. ಆಮೇಲೆ ತನಗೆಂದು ಹೊಲಿಯುವುದನ್ನೇ ಬಿಟ್ಟರು. ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಚೂರು ಬಟ್ಟೆ ಹರಡಿಕೊಂಡು ಮಲಗುತ್ತಾರೆ. ಮಲಗುತ್ತಾರೆ ಎನ್ನುವುದು ಮಾತಿಗೆ. ಮಳೆಯ ಸದ್ದಾದರೆ ಎದ್ದು ಕೂರುತ್ತಾರೆ. ಸದ್ದಾಗದಿದ್ದರೆ ಯಾಕೆ ಆಗಲಿಲ್ಲ ಎಂದು ಎದ್ದು ಕೂರುತ್ತಾರೆ.

ಕಳೆದ ವಾರ ಆರೋಗ್ಯ ಕೇಂದ್ರದ ನರ್ಸ್ ಬೀದಿಯಲ್ಲಿ ಮನೆಮನೆಗೆ ಬಂದಿದ್ದರು.

“ಹೇಗಿದ್ದೀರಾ ಅಮ್ಮಾ?”

“ಪರವಾಗಿಲ್ಲ.”

“ಊಟ, ನಿದ್ದೆ?”

“ಪರವಾಗಿಲ್ಲ.”

“ಕೇಳಿದ ಮನೆಯಲ್ಲೆಲ್ಲ ಪರವಾಗಿಲ್ಲ ಅಂತಾರೆ. ಹಾಗಾದ್ರೆ ನೆರೆ ಬಂದಿದ್ದು ಯಾರ ಮನೆಗೆ?”

ಅಕ್ಕ ನಕ್ಕರು. ನರ್ಸ್ ನಗಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿ, ಹಗಲು ಸ್ವಲ್ಪ ಹೊತ್ತು ಕೆಲಸ ಬಿಡಿ, ರಾತ್ರಿ ನೆಟ್ಟಗೆ ಮಲಗಿ, ಮನಸ್ಸಿನಲ್ಲಿರುವುದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಿ ಎಂದು ಹೇಳಿ ಮುಂದಿನ ಮನೆಗೆ ಹೋದರು. “ಊರಿಗೆಲ್ಲ ಹಾಸಿಗೆ ಆದಮೇಲೆ ಮಲಗ್ತೀನಿ ಬಿಡು” ಎಂದು ಅಕ್ಕ ತಂಗಿಗೆ ಹೇಳಿ ಹತ್ತಿ ಹಿಂಜಲು ಕೂತರು.

ಅಂಗಡಿಯಲ್ಲಿರುವುದು ಎರಡು ದಬ್ಬಳ, ಗೋಡೆಯಲ್ಲಿ ಅವಕ್ಕೆಂದೇ ಒಂದು ಮೊಳೆ. ಈ ಕೆಲಸ ಕಲಿಸಿದ ಅತ್ತೆ ಒಂದೇ ಒಂದು ಕಟ್ಟುನಿಟ್ಟು ಮಾಡಿದ್ದರು: ಎರಡೂ ದಬ್ಬಳ ಮೊಳೆಗೆ ಬಂದದ್ದನ್ನು ಮುಟ್ಟಿ ನೋಡದೆ ಹಾಸಿಗೆಯನ್ನು ಹೊರಗೆ ಕಳಿಸಬಾರದು. ಮದುವೆಯಾಗಿ ಬಂದಾಗಿನಿಂದ ಅಕ್ಕ ಅದನ್ನು ಮೀರಿದ್ದಿಲ್ಲ.

ಪೋಸ್ಟ್‌ಮ್ಯಾನ್ ಮನೆಗೆ ಹಾಸಿಗೆ ಕಳಿಸಿದ ಆ ಸಂಜೆ ಕಸ ಗುಡಿಸಿ ತಲೆ ಎತ್ತಿದಾಗ ಮೊಳೆಯಲ್ಲಿ ಒಂದೇ ದಬ್ಬಳವಿತ್ತು.

ಹಲಗೆಯ ಕೆಳಗೆ, ಹತ್ತಿಯ ರಾಶಿಯಲ್ಲಿ, ಸೀರೆಯ ಸೆರಗಿನಲ್ಲಿ ಹುಡುಕಿದರು. ವ್ಯಾನು ತೊಳೆದು ಒಳಬಂದ ತಂಗಿ ಕೇಳಿದಳು, “ಏನು ಕಳಕೊಂಡೆ?”

“ಮಧ್ಯಾಹ್ನ ನೀನು ಎಬ್ಬಿಸಿದಾಗ ನನ್ನ ಕೈಯಲ್ಲಿ ಏನಿತ್ತು?”

“ದಾರ.”

“ದಬ್ಬಳ?”

“ಅದನ್ನ ನೀನು ಗೋಡೆಯಿಂದ ತಗೊಂಡೆ.”

ಅಕ್ಕ ಹಲಗೆ ಹಿಡಿದು ಕೂತರು. ಗೋಡೆಯಿಂದ ತೆಗೆದದ್ದು ಎರಡನೆಯದು. ತೂಕಡಿಕೆ ಬರುವ ಮುಂಚೆ ಚುಚ್ಚಿದ್ದ ಮೊದಲನೆಯದು ದಾರ ಕಳಚಿ, ಓರೆಯಾಗಿ ಹತ್ತಿಯಲ್ಲಿ ಹೂತು ಹಾಸಿಗೆಯೊಳಗೇ ಉಳಿದಿತ್ತು. ಎದ್ದವರು ಅದನ್ನು ಮೊಳೆಗೆ ಹಾಕಿದ್ದೇನೆ ಎಂದುಕೊಂಡಿದ್ದರು. ಮುಟ್ಟಿ ನೋಡಲಿಲ್ಲ.

ಬೇರೆ ಯಾರ ಮನೆಯಲ್ಲಾದರೂ ಚುಚ್ಚಿಸಿಕೊಂಡವರು ಕೂಗಿಕೊಳ್ಳುತ್ತಿದ್ದರು. ಆದರೆ ಪೋಸ್ಟ್‌ಮ್ಯಾನ್‌ಗೆ ಪಾರ್ಶ್ವವಾಯು ಹೊಡೆದು ಎಡಗಡೆ ಮುಟ್ಟಿದರೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಬೇರೆ. ಒಂದು ಗಾಯವಾದರೆ ಮಾಯುವುದಿಲ್ಲ. ಚುಚ್ಚಿದ್ದು ಮನೆಯವರಿಗೆ ಗೊತ್ತಾಗುವುದು ಕೀವು ವಾಸನೆ ಬಂದ ಮೇಲೆ.

“ವ್ಯಾನು ತೆಗಿ” ಎಂದರು ಅಕ್ಕ.

ಪೋಸ್ಟ್‌ಮ್ಯಾನ್ ಮನೆಯಲ್ಲಿ ಬಾಗಿಲು ತೆರೆದದ್ದು ಸೊಸೆ. ಒಳಗೆ ಮುದುಕರು ಹೊಸ ಹಾಸಿಗೆಯ ಮೇಲೆ ಅಂಗಾತ ಮಲಗಿ ರೇಡಿಯೊ ಕೇಳುತ್ತಿದ್ದರು. ಅಕ್ಕ ಬಾಗಿಲಲ್ಲೇ ವಿಷಯ ಹೇಳಿಬಿಟ್ಟರು. ಸೊಸೆಯ ಮುಖ ಬಿಗಿಯಿತು. “ಇವರನ್ನ ಆಗಲೇ ಎರಡು ಸಲ ಮಗ್ಗುಲು ಬದಲಾಯಿಸಿದ್ದೀನಲ್ಲ!” ಎಂದಳು.

ಮೂವರೂ ಸೇರಿ ಮುದುಕರನ್ನು ಕುರ್ಚಿಗೆ ಎತ್ತಿ ಕೂರಿಸಿದರು. ಸೊಸೆ ಅವರ ಬೆನ್ನು, ಸೊಂಟ, ಕಾಲುಗಳನ್ನು ದೀಪದ ಬೆಳಕಿನಲ್ಲಿ ನೋಡಿದಳು. ಗಾಯ ಕಾಣಲಿಲ್ಲ. ಅಕ್ಕ ಅಂಚಿನ ಹೊಲಿಗೆ ಬಿಚ್ಚಿ ಹತ್ತಿಯನ್ನು ಹಿಡಿಹಿಡಿಯಾಗಿ ಹೊರತೆಗೆದು ಬೆರಳಾಡಿಸಿದರು. ನಡುವಿನ ಎಡಭಾಗದಲ್ಲಿ, ತೊಡೆ ಬರುವ ಜಾಗದಲ್ಲಿ, ದಬ್ಬಳ ಸಿಕ್ಕಿತು. ಮೊನೆ ಕೆಳಮುಖವಾಗಿತ್ತು.

“ಜೀವಮಾನ ಪೂರ್ತಿ ಊರಿಗೆ ಅಂಚೆ ಹಂಚಿದೆ, ಸೂಜಿಯ ಪಾರ್ಸೆಲ್ ಬಂದಿದ್ದು ಇದೇ ಮೊದಲು” ಎಂದರು ಮುದುಕರು ತೊದಲುತ್ತ.

“ನಗಬೇಡಿ ಮಾವ” ಎಂದಳು ಸೊಸೆ.

“ಇನ್ನೇನು, ಅಳಲಾ?” ಅವರು ಅಕ್ಕನತ್ತ ತಿರುಗಿದರು. “ಮಲಗೋದೇ ನನ್ನ ಕೆಲಸ, ತಾಯೀ. ನಿನ್ನ ಕಣ್ಣು ನೋಡಿದ್ರೆ ನೀನು ಮಲಗಿದ ಹಾಗೆ ಕಾಣಲ್ಲ. ನಿದ್ದೆ ಹೇಗಿದೆ?”

“ಪರವಾ…” ಎಂದ ಅಕ್ಕ ಅಲ್ಲಿಗೇ ನಿಲ್ಲಿಸಿದರು. ಕೈಯಲ್ಲಿದ್ದ ದಬ್ಬಳವನ್ನೇ ನೋಡಿದರು. “ಇಲ್ಲ. ಆಗ್ತಾ ಇಲ್ಲ. ಮಲಗೋಕೆ ಹಾಸಿಗೆ ಇಲ್ಲ ನನಗೆ.”

ಹೇಳಿದ ಮೇಲೆ ಆ ಮಾತು ಅವರಿಗೇ ವಿಚಿತ್ರವಾಗಿ ಕೇಳಿಸಿರಬೇಕು. ಯಾರೂ ನಗಲಿಲ್ಲ. ಸೊಸೆ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಅನ್ನ ಸಾರು ಕಲಸಿ ತಂದು ಕೈಗಿಟ್ಟಳು. “ಮೊದಲು ಇದನ್ನ ತಿನ್ನಿ. ಬೈಯೋದಿದ್ರೆ ಆಮೇಲೆ ಬೈತೀನಿ.”

ಅಕ್ಕ ಉಂಡರು. ಅಷ್ಟರಲ್ಲಿ ತಂಗಿ ಹತ್ತಿಯನ್ನು ಒಳಗೆ ತುಂಬಿ ಅದೇ ದಬ್ಬಳದಿಂದ ಅಂಚು ಹೊಲಿದಳು. ಅವಳಿಗೆ ಹೊಲಿಗೆ ಬರುತ್ತದೆ, ಅಂದ ಬರುವುದಿಲ್ಲ. ಅಂಚು ಹಾವು ಹರಿದ ಹಾಗೆ ಬಂತು. ಅಕ್ಕ ನೋಡುತ್ತ ಕೂತಿದ್ದರು, ಬಿಚ್ಚಿ ಹೊಲಿ ಎನ್ನಲಿಲ್ಲ. ಹೊರಡುವ ಮುಂಚೆ ದಬ್ಬಳವನ್ನು ತಂಗಿಯ ಕೈಯಿಂದ ಇಸಿದುಕೊಂಡು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡರು. ವ್ಯಾನಿನಲ್ಲಿ ಆ ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡಿದರು.

ಮಾರನೆಯ ಬೆಳಿಗ್ಗೆ ಹಲಗೆಯ ಮೇಲೆ ಕ್ಷೌರದ ಅಂಗಡಿಯವನಿಗೆಂದು ಕತ್ತರಿಸಿಟ್ಟ ಬಟ್ಟೆಯಿತ್ತು. ಅಕ್ಕ ಅದನ್ನು ಮಡಿಸಿ ಬದಿಗಿಟ್ಟು ಬೇರೆ ಬಟ್ಟೆ ಹಾಸಿದರು. ಕ್ಷೌರದವನು ಕೇಳಲು ಬಂದ.

“ಇವತ್ತು ಕೊಡ್ತೀನಿ ಅಂದಿದ್ರಲ್ಲಕ್ಕ?”

“ಅಂದಿದ್ದೆ. ಇವತ್ತಿನದು ನನಗೆ.”

“ನಿಮಗಾ?” ಎಂದು ಅವನು ಅಂಗಡಿಯೊಳಗೆಲ್ಲ ಕಣ್ಣಾಡಿಸಿದ. ಹಲಗೆಯ ತಲೆಭಾಗದಲ್ಲಿ ಚೂರು ಬಟ್ಟೆಯ ಗಂಟನ್ನು ದಿಂಬಿನಂತೆ ಇಟ್ಟದ್ದು ಕಂಡಿತು. ಗೊಣಗುತ್ತಲೇ ಹೊರಟುಹೋದ.

ಇನ್ನು ಮುಂದೆ ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಅಂಗಡಿಯ ಬಾಗಿಲು ಮುಚ್ಚಿರುತ್ತದೆ. ಕ್ಷೌರದವನ ಹಾಸಿಗೆ ಬುಧವಾರ ಸಿಗುತ್ತದೆ.