ಕಾಕಾ ಆರಿಸಿಟ್ಟ ಬಂದೂಕು

ಮೊನ್ನೆ ಭಾನುವಾರ ಅಡುಗೆಮನೆಯ ಮರದ ವರ್ಕ್‌ಟಾಪ್‌ಗೆ ಎಣ್ಣೆ ಹಚ್ಚಲು ಹೊರಟಿದ್ದೆ. ವರ್ಷಕ್ಕೊಮ್ಮೆಯಾದರೂ ಅಗಸೆ ಎಣ್ಣೆ ಕುಡಿಸದಿದ್ದರೆ ಸಿಂಕ್ ಪಕ್ಕದ ಮರ ಕಪ್ಪು ತಿರುಗುತ್ತದೆ. ನಾನು ಮೂರು ವರ್ಷ ಸೋಮಾರಿತನ ಮಾಡಿ, ಅದು ಪೂರ್ತಿ ಕಪ್ಪಾದ ಮೇಲೆ ಎಣ್ಣೆ ತಂದವಳು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ... ಪಕ್ಕದ ಮನೆಯ ಕಾಕಾ ಅವರ ಮುಂದಿನ ಕೋಣೆಯಲ್ಲಿ ಯಾವಾಗಲೂ ಇದೇ ವಾಸನೆ ಬರುತ್ತಿತ್ತು. ಎಣ್ಣೆ ಹಚ್ಚುವ ಬಟ್ಟೆಯನ್ನು ಅಲ್ಲೇ ಬಿಟ್ಟು ಸ್ಟೂಲಿನ ಮೇಲೆ ಕೂತೆ.

ಲಂಡನ್ನಿನ ಇಲ್ಫರ್ಡ್‌ನಲ್ಲಿ ನಮ್ಮದು ಸಾಲುಮನೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಕುಂದಾಪುರದವಳು, ಅವರು ಬೆಳಗಾವಿಯವರು. ನಾವು ಬಾಡಿಗೆಗೆ ಬಂದ ಮೊದಲ ವಾರವೇ ಅವರ ಹೆಂಡತಿ ಜೋಳದ ರೊಟ್ಟಿ, ಅವರು ಅಗಸಿ ಹಿಂಡಿ ಎನ್ನುವ ಚಟ್ನಿಪುಡಿ ಹಿಡಿದುಕೊಂಡು ಬಾಗಿಲಿಗೆ ಬಂದು, ‘ಕಾಕೂ ಅನ್ನು’ ಎಂದು ಹೇಳಿ ಹೋದರು. ಆಕೆ ಕಾಕೂ ಆದ ಮೇಲೆ ಆತ ಕಾಕಾ ಆಗದೆ ಇನ್ನೇನಾಗುತ್ತಾರೆ? ಎರಡನೇ ತಿಂಗಳಿಗೆ ಅವರ ಮನೆಯ ಬೀಗದ ಕೈ ನಮ್ಮ ಗೂಟದಲ್ಲಿ, ನಮ್ಮದು ಅವರ ಗೂಟದಲ್ಲಿ ನೇತಾಡುತ್ತಿತ್ತು.

ಕಾಕಾ ಲೇತ್ ಮಷೀನಿನ ಟರ್ನರ್. ಬೆಳಗಾವಿಯಲ್ಲಿ ಕಲಿತ ಕೆಲಸ, ಇಲ್ಲಿಯ ಕಾರು ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಅನ್ನ ಹಾಕಿತು. ಅಲ್ಲಿಯ ಇಂಗ್ಲಿಷ್ ಗೆಳೆಯನೊಬ್ಬ ಅವರನ್ನು ಗುರಿ ಹೊಡೆಯುವ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದನಂತೆ. ಆಗ ಅವರ ಬಳಿ ಇದ್ದದ್ದು ಪಿಸ್ತೂಲು. ತೊಂಬತ್ತರ ದಶಕದ ಕೊನೆಯಲ್ಲಿ, ಒಬ್ಬಾತ ಶಾಲೆಗೆ ನುಗ್ಗಿ ಪಿಸ್ತೂಲಿನಿಂದ ಮಕ್ಕಳನ್ನು ಕೊಂದ ಮೇಲೆ, ಈ ದೇಶದ ಕಾನೂನು ಪಿಸ್ತೂಲುಗಳನ್ನೆಲ್ಲ ವಾಪಸು ತೆಗೆದುಕೊಂಡಾಗ ಅವರೂ ಸಾಲಿನಲ್ಲಿ ನಿಂತು ಒಪ್ಪಿಸಿ ಬಂದರು. ಅದರ ಬಗ್ಗೆ ಅವರು ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಲಿಲ್ಲ. “ಸಣ್ಣ ಹುಡುಗ್ರು ಸತ್ತಿದ್ವು ತಂಗಿ. ಅದರ ಮುಂದ ನನ್ನ ಆಟ ಏನು ದೊಡ್ಡದು?” ಎಂದಿದ್ದರು. ಆದರೆ ಆ ಪಿಸ್ತೂಲಿನ ಖಾಲಿ ಹಿತ್ತಾಳೆ ತೋಟಾಗಳನ್ನು ಮಾತ್ರ ಬಿಸ್ಕತ್ತಿನ ಡಬ್ಬಿಯಲ್ಲಿ ತೊಳೆದು, ಒರೆಸಿ ಇಟ್ಟಿದ್ದರು. ಒಮ್ಮೊಮ್ಮೆ ಒಂದನ್ನು ತೆಗೆದು ಬೆರಳಲ್ಲಿ ಉರುಳಿಸುತ್ತಾ ಟಿವಿ ನೋಡುವರು.

ಆಮೇಲೆ ಅವರ ಕಬ್ಬಿಣದ ಕಪಾಟಿನಲ್ಲಿ ಉಳಿದದ್ದು ಒಂದು ಸಣ್ಣ ರೈಫಲ್ಲು, ಪಾಯಿಂಟ್ ಟ್ವೆಂಟಿಟೂ ಅಳತೆಯದು. ಅದರ ಮರಕ್ಕೆ ಆಗಾಗ ಅಗಸೆ ಎಣ್ಣೆ ತಿಕ್ಕುತ್ತಾ ಕೂರುವರು. ಅದು ಹೊಡೆದರೆ ಕೈಗೆ ಗೊತ್ತೇ ಆಗುವುದಿಲ್ಲ ಎಂದು ಕಾಕಾ ದೂರುತ್ತಿದ್ದರು. ಇನ್ನೊಂದು ಬಂದೂಕು ಮನೆಗೆ ಬರುವುದು ಕಾಕೂಗೆ ಬೇಡವಾಗಿತ್ತು. ಕಾಕೂ ತೀರಿಕೊಂಡು ವರ್ಷ ಕಳೆದ ಮೇಲೆ ಒಂದು ದಿನ ಕಾಕಾ ನನ್ನನ್ನು ಕರೆದು, ಮದುವೆಯ ವಿಷಯ ಎತ್ತುವವರ ಹಾಗೆ ಸಂಕೋಚಪಡುತ್ತಾ ಹೇಳಿದರು: ತಮ್ಮ ಹಳೆಯ ಪಿಸ್ತೂಲಿನ ತೋಟಾವನ್ನೇ ಹಾಕುವ ರೈಫಲ್ಲುಗಳಿವೆ, ಅವುಗಳಿಗೆ ಈ ದೇಶದಲ್ಲಿ ಪರವಾನಗಿ ಸಿಗುತ್ತದೆ, ಅದರಲ್ಲಿ ಒಂದನ್ನು ಆರಿಸಬೇಕು.

ಹಿಡಿಕೆಯ ಕೆಳಗೆ ಬಳೆಯಂಥ ಒಂದು ಲಿವರ್ ಇರುವ ರೈಫಲ್ಲು. ಅದನ್ನು ಕೆಳಗೆ ನೂಕಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹಾರಿಹೋಗಿ ಹೊಸದು ಒಳಗೆ ಕೂರುತ್ತದೆ. ನನಗೆ ಬಂದೂಕಿನ ತಲೆಬುಡ ಗೊತ್ತಿಲ್ಲದಿದ್ದರೂ ಆ ಒಂದು ವರ್ಷದಲ್ಲಿ ಕಿವಿಗೆ ಬಿದ್ದು ಬಿದ್ದು ಕಲಿತುಬಿಟ್ಟೆ. ಫಾರ್ಟಿಫೋರ್ ಅಳತೆಯ ತೋಟಾ ಬೇಡ, ಎಪ್ಪತ್ತರ ಹತ್ತಿರದ ಭುಜಕ್ಕೆ ಅದರ ಒದೆತ ಹೆಚ್ಚು. ತ್ರೀ ಫೈವ್ ಸೆವೆನ್ ಆದರೆ ಅವರ ಹಳೆಯ ಅಳತೆಯೇ. ಅದರಲ್ಲಿ ಮೆತ್ತಗಿನ ಥರ್ಟಿಎಯ್ಟ್ ತೋಟಾವನ್ನೂ ಹಾಕಬಹುದು, ಆದರೆ ಅದು ಸ್ವಲ್ಪ ಗಿಡ್ಡ, ಕೆಲವು ಬಂದೂಕುಗಳಲ್ಲಿ ನಡುವೆ ಸಿಕ್ಕಿಕೊಳ್ಳುತ್ತದೆ. ನಳಿಗೆ ಎಷ್ಟು ಉದ್ದವಿರಬೇಕೆಂದು ನೋಡಲು ಕಾಕಾ ನಮ್ಮ ಮನೆಯ ಪೊರಕೆಯ ಕೋಲನ್ನು ಒಯ್ದು, ಹದಿನಾರು, ಇಪ್ಪತ್ತು, ಇಪ್ಪತ್ನಾಲ್ಕು ಇಂಚಿಗೆ ಟೇಪು ಸುತ್ತಿ, ಭುಜಕ್ಕೇರಿಸಿ ಕೋಣೆಯೆಲ್ಲ ತಿರುಗಿದರು. ಪರದೆ ಎಳೆದುಕೊಂಡು ಮಾಡಿ ಎಂದು ನಾನು ಗದರಿದೆ. ಎದುರುಮನೆಯವರು ಏನೆಂದುಕೊಂಡಾರು?

ಅವರಿಗೆ ದೊಡ್ಡ ತಲೆನೋವಾದದ್ದು ಬೇರೆ. ಕಾಕಾ ಎಡಚರು. ಬೇರೆ ರೈಫಲ್ಲುಗಳೆಲ್ಲ ಬಲಗೈಯವರಿಗೆ ಮಾಡಿದವು, ಲಿವರ್ ಮಾತ್ರ ನಟ್ಟನಡುವೆ ಇರುತ್ತದೆ. “ಇದೊಂದು ನನಗ ಎಡಗೈ ಯಾಕ ಅಂತ ಕೇಳಂಗಿಲ್ಲ ನೋಡು” ಎಂದು ಖುಷಿಪಟ್ಟಿದ್ದರು. ಅದರಲ್ಲೂ ಎರಡು ಜಾತಿ. ಒಂದು ಖಾಲಿ ತೋಟಾವನ್ನು ಬಲಕ್ಕೆ ಎಸೆಯುತ್ತದೆ. ಅದರ ಮೇಲೆ ದುರ್ಬೀನು ಕೂರಿಸಬಹುದು, ಮಂಜಾಗುತ್ತಿದ್ದ ಅವರ ಕಣ್ಣಿಗೆ ಅದೇ ಅನುಕೂಲ. ಆದರೆ ಎಡಚರಿಗೆ ಬಿಸಿ ಹಿತ್ತಾಳೆ ಮುಖದ ಮುಂದೆಯೇ ಹಾದುಹೋಗುತ್ತದೆ. ಇನ್ನೊಂದು ಹಳೆಯ ಕಾಲದ ರಚನೆಯದು, ತೋಟಾವನ್ನು ಮೇಲಕ್ಕೆ ಚಿಮ್ಮುತ್ತದೆ, ದುರ್ಬೀನಿಗೆ ಜಾಗವಿಲ್ಲ. ಕಣ್ಣು ನೋಡುವುದೋ ಕೈ ನೋಡುವುದೋ ಎಂದು ನಾಲ್ಕು ತಿಂಗಳು ಕೊರೆದರು. ನಾನಾಗಿದ್ದರೆ ನಾಣ್ಯ ಚಿಮ್ಮಿ ಮುಗಿಸುತ್ತಿದ್ದೆ.

ಕೊನೆಗೆ ಒಂದು ಶನಿವಾರ ನನ್ನ ಕಾರಿನಲ್ಲಿ ಎಸೆಕ್ಸ್ ಕಡೆಯ ಬಂದೂಕಿನಂಗಡಿಗೆ ಹೋದೆವು. ಅಂಗಡಿಯಾತ ತಾಳ್ಮೆಯ ಮನುಷ್ಯ. ಒಂದೊಂದನ್ನೇ ತೆರೆದು, ಖಾಲಿಯಿದೆ ಎಂದು ತೋರಿಸಿ ಕೈಗಿತ್ತ. ಕಾಕಾ ನಕಲಿ ತೋಟಾ ತುಂಬಿ ಲಿವರ್ ಎಳೆದು ನೋಡಿದರು, ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದರು. ಮಷೀನು ಕೆಲಸದವರ ಬೆರಳು, ಎಲ್ಲಿ ಕಚ್ಚುತ್ತದೆ ಎಂದು ಅದಕ್ಕೆ ತಿಳಿಯುತ್ತಿತ್ತು. ಮೇಲಕ್ಕೆ ಚಿಮ್ಮುವ, ಇಪ್ಪತ್ತು ಇಂಚಿನ ಒಂದು ಹಳೆಯ ರೈಫಲ್ಲು ಭುಜಕ್ಕೆ ಬಂದಾಗ ಅವರು ಅದನ್ನು ಇಳಿಸಲೇ ಇಲ್ಲ. ಅದರ ಮರದ ಹಿಂಬದಿ ಒಣಗಿ ಬಿಳುಚಿತ್ತು. “ಇದಕ್ಕ ಅಗಸಿ ಎಣ್ಣಿ ಕುಡಸ್ಬೇಕು” ಎಂದರು, ಆಗಲೇ ತಮ್ಮದಾದ ಹಾಗೆ. ಕಣ್ಣಿನ ಗತಿ ಏನು ಎಂದು ಕೇಳಿದೆ. “ಪಿಸ್ತೂಲಿಗೂ ದುರ್ಬೀನು ಇರಲಿಲ್ಲಲ್ಲ.” ಅಂಗಡಿಯಾತ ಅವರ ಹೆಸರು ಬರೆದ ಚೀಟಿಯನ್ನು ಲಿವರಿಗೆ ಕಟ್ಟಿದ. ಪರವಾನಗಿಯಲ್ಲಿ ಈ ಬಂದೂಕಿಗೆ ಅನುಮತಿ ಸೇರಿದೊಡನೆ ಬಂದು ಒಯ್ಯಬಹುದು. ಹಳೆಯ ಪರವಾನಗಿಯ ನವೀಕರಣವೂ ಹತ್ತಿರ ಬಂದಿತ್ತು, ಎರಡಕ್ಕೂ ಒಟ್ಟಿಗೆ ಅರ್ಜಿ ಹಾಕಿದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವರು ಅಷ್ಟು ಮಾತಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಇಲ್ಲಿ ಖಂಡೇನವಮಿಯ ವಿಷಯ ಹೇಳಬೇಕು. ನಮ್ಮ ಕಡೆ ಆಯುಧಪೂಜೆ ಎನ್ನುವುದನ್ನು ಅವರು ಖಂಡೇಪೂಜೆ ಎನ್ನುತ್ತಿದ್ದರು. ಅಂದು ಕಾಕಾ ತಮ್ಮ ಅಳತೆಯ ವರ್ನಿಯರು, ಉಳಿ, ಸ್ಕ್ರೂಡ್ರೈವರುಗಳ ಜೊತೆ ಆ ಸಣ್ಣ ರೈಫಲ್ಲನ್ನೂ ಮಣೆಯ ಮೇಲಿಟ್ಟು ಪೂಜೆ ಮಾಡುವರು. ಕುಂಕುಮ ಹಚ್ಚುವುದು ಮನೆಯ ಹೆಣ್ಣುಮಗಳು. ಕಾಕೂ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಕಪಾಟಿನ ಕೀಲಿ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಹಿಂದೆ ಇರುತ್ತಿತ್ತು. ಕಾಕೂ ಅದನ್ನು ತಂದುಕೊಡುತ್ತಿದ್ದಂತೆ ನಾನೂ ತಂದುಕೊಡುತ್ತಿದ್ದೆ. ಪರವಾನಗಿ ಇರುವವರ ಹೊರತು ಬೇರೆ ಯಾರಿಗೂ ಆ ಕೀಲಿಯ ಜಾಗ ಗೊತ್ತಿರಬಾರದು ಎಂಬ ನಿಯಮ ಕಾಕಾ ಅವರಿಗೆ ಗೊತ್ತಿತ್ತು. ಆದರೆ ಯಾರಿಗೂ ಎಂದರೆ ಮನೆಯವರಿಗೂ ಎಂದು ಅವರು ಅರ್ಥಮಾಡಿಕೊಂಡಿರಲಿಲ್ಲ. ನನಗಂತೂ ನಿಯಮವೇ ಗೊತ್ತಿರಲಿಲ್ಲ.

ಅರ್ಜಿ ಹಾಕಿ ಎರಡು ತಿಂಗಳ ಮೇಲೆ ಪೊಲೀಸು ಇಲಾಖೆಯಿಂದ ಪರವಾನಗಿ ನೋಡುವ ಅಧಿಕಾರಿ ಮನೆಗೆ ಬಂದರು. ನಗುಮುಖದ, ನಡುವಯಸ್ಸಿನ ಹೆಂಗಸು. ಒಬ್ಬರೇ ಇರುವ ಕಾಕಾ ಅತಿಥಿಗೆ ಏನು ಕೊಟ್ಟಾರು ಎಂದು ನಾನು ಉಪ್ಪಿಟ್ಟು ಮಾಡಿಕೊಂಡು ಹೋಗಿದ್ದೆ. ಆಕೆ ಎರಡು ಸಲ ಹಾಕಿಸಿಕೊಂಡು ತಿಂದರು. ಆರೋಗ್ಯ, ಕ್ಲಬ್ಬು, ಹೊಸ ರೈಫಲ್ಲು ಯಾಕೆ, ಎಲ್ಲ ಕೇಳಿ ಬರೆದುಕೊಂಡರು. ಕಾಕಾ ಚೆನ್ನಾಗಿ ಉತ್ತರ ಹೇಳಿದರು. ಕೊನೆಗೆ, ಕಪಾಟು ಒಮ್ಮೆ ನೋಡಬಹುದೇ ಎಂದರು ಆಕೆ.

ಕಾಕಾ ಮೊಣಕಾಲಿನ ಮೇಲೆ ಕೈಯೂರಿ ಏಳಲು ಹೊರಟರು. ಆ ಮೊಣಕಾಲು ಅವರನ್ನು ಎಷ್ಟು ಗೋಳು ಹುಯ್ದುಕೊಳ್ಳುತ್ತಿತ್ತು ಎಂಬುದನ್ನು ದಿನವೂ ನೋಡುತ್ತಿದ್ದವಳು ನಾನು.

“ನೀವು ಕೂತ್ಕೊಳ್ಳಿ ಕಾಕಾ, ನಾನು ತರ್ತೇನೆ” ಎಂದೆ.

ದೇವರ ಗೂಡಿಗೆ ಹೋದೆ, ಭರಣಿ ಸರಿಸಿ ಕೀಲಿ ತಂದೆ, ಆಕೆಯ ಕೈಯಲ್ಲೇ ಇಟ್ಟೆ. ಕೀಲಿಗೆ ಕುಂಕುಮ ಮೆತ್ತಿತ್ತು. ಆಕೆ ಅದನ್ನು ನೋಡಿದರು, ನನ್ನನ್ನು ನೋಡಿದರು. ನೀವು ಈ ಮನೆಯಲ್ಲೇ ಇರುತ್ತೀರಾ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಇಲ್ಲ, ಪಕ್ಕದ ಮನೆ, ಆದರೆ ಇದು ನನ್ನದೇ ಮನೆ ಇದ್ದ ಹಾಗೆ ಎಂದೆ. ಅಷ್ಟಕ್ಕೇ ಸುಮ್ಮನಿದ್ದೆನೇ? ಇವರು ಲೀಡ್ಸ್‌ನ ಮಗಳ ಮನೆಗೆ ಹೋದಾಗ ದೀಪ ಹಚ್ಚುವವಳು ನಾನೇ, ಇಲ್ಲಿ ಯಾವುದು ಎಲ್ಲಿದೆ ಎಂದು ಇವರಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದು ಹೆಮ್ಮೆಯಿಂದ ಸೇರಿಸಿದೆ. ಆಕೆ ಪೆನ್ನು ತೆಗೆದು ಬರೆದುಕೊಂಡರು. ಕಾಕಾ ಚಹಾದ ಕಪ್ಪನ್ನು ನೋಡುತ್ತಾ ಕೂತಿದ್ದರು. ಆಗಲೂ ನನಗೆ ತಿಳಿಯಲಿಲ್ಲ.

ಕಾಗದ ಬಂದಾಗ ತಿಳಿಯಿತು. ಕಪಾಟಿನ ಕೀಲಿ ಪರವಾನಗಿ ಇಲ್ಲದವಳ ಕೈಗೆ ಸಿಗುತ್ತದೆ, ಆದ್ದರಿಂದ ಹೊಸ ರೈಫಲ್ಲಿಗೆ ಅನುಮತಿ ಇಲ್ಲ, ಇದ್ದ ಪರವಾನಗಿಯೂ ರದ್ದು. ಇಬ್ಬರು ಪೊಲೀಸರು ಬಂದು ಸಣ್ಣ ರೈಫಲ್ಲನ್ನು ಒಯ್ದರು. ಕಾಕಾ ತಾವೇ ಅದನ್ನು ಹಳೆಯ ಶಾಲಿನಲ್ಲಿ ಸುತ್ತಿ ಕೊಟ್ಟರು. ಅವರು ಹೋದ ಮೇಲೆ ನಾನು ಅಳುತ್ತಾ ಬಾಯಿ ತೆರೆದೆ. “ಕಾಕಾ, ನನ್ನಿಂದಾಗಿ...”

“ಚಾ ಮಾಡ್ತೀ ಏನು ತಂಗಿ? ಶುಂಠಿ ಹಾಕು” ಎಂದರು.

ಮರುವಾರ ಅಂಗಡಿಗೆ ತಾವೇ ಹೋಗಿ ಹೇಳಬೇಕು ಎಂದರು. ಫೋನು ಮಾಡಿದರೆ ಸಾಕು ಎಂದರೂ ಕೇಳಲಿಲ್ಲ. ಅಂಗಡಿಯಾತ ಸಂಗತಿ ಕೇಳಿ, ಒಳಗೆ ಹೋಗಿ ಆ ರೈಫಲ್ಲನ್ನು ತಂದು ಮುಂದಿಟ್ಟ. ಕಾಕಾ ಅದನ್ನು ಎಡಭುಜಕ್ಕೆ ಏರಿಸಿ, ಒಂದು ಸಲ, ಒಂದೇ ಸಲ ಲಿವರ್ ಎಳೆದರು. ಆಮೇಲೆ ಚೀಟಿಯ ದಾರವನ್ನು ತಾವೇ ಬಿಚ್ಚಿದರು. ಗಂಟು ಬಿಗಿಯಾಗಿತ್ತು, ಬಹಳ ಹೊತ್ತು ಹಿಡಿಯಿತು. ವಾಪಸು ಬರುವಾಗ ಕಾರಿನಲ್ಲಿ ನಾನು ಮತ್ತೆ ಶುರುಮಾಡಿದೆ. ಎಲ್ಲಾದರೂ ನಿಲ್ಲಿಸಿ ಚಹಾ ಕುಡಿಯೋಣ ಎಂದರು. ಆ ವರ್ಷ ಎಷ್ಟು ಸಲ ಬಾಯಿ ತೆರೆದೆನೋ ಅಷ್ಟು ಸಲ ಚಹಾ ಮಾಡಿದ್ದೇನೆ.

ಮೇಲ್ಮನವಿಗೆ ಅವಕಾಶ ಇದೆ ಎಂದು ಕಾಗದದಲ್ಲೇ ಇತ್ತು. ಅವರು ಹಾಕಲಿಲ್ಲ. ವಯಸ್ಸಾಯಿತು, ಸಾಕಾಯಿತು ಎಂದು ನಾನು ತಿಳಿದುಕೊಂಡಿದ್ದೆ, ಹಾಗೆ ತಿಳಿದುಕೊಳ್ಳುವುದು ನನಗೂ ಸುಲಭವಾಗಿತ್ತು. ಮೊಣಕಾಲು ಪೂರ್ತಿ ಕೈಕೊಟ್ಟ ಮೇಲೆ ಅವರು ಮಗಳ ಮನೆಗೆ ಹೋದರು. ಎರಡು ಚಳಿಗಾಲ ಕಳೆದು ಅಲ್ಲೇ ತೀರಿಕೊಂಡರು.

ಲೀಡ್ಸ್‌ನ ಚಿತಾಗಾರದ ಹೊರಗೆ ನಿಂತಿದ್ದಾಗ ಕಾಕಾ ಅವರ ಮಗಳು ನನ್ನ ಪಕ್ಕಕ್ಕೆ ಬಂದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವುದು ಇಂಗ್ಲಿಷು. ನಿಮಗೆ ಅಪ್ಪ ಹೇಳಿರಲಿಕ್ಕಿಲ್ಲ ಎಂದು ಶುರುಮಾಡಿದಳು. ಪರವಾನಗಿ ರದ್ದಾದಾಗ ಅವಳು ಅಪ್ಪನನ್ನು ವಕೀಲರ ಬಳಿ ಕರೆದುಕೊಂಡು ಹೋಗಿದ್ದಳಂತೆ. ‘ಪಕ್ಕದ ಮನೆಯಾಕೆಗೆ ಕೀಲಿಯ ಜಾಗ ನಾನು ಹೇಳಿದ್ದಲ್ಲ, ನನಗೆ ತಿಳಿಯದಂತೆ ಆಕೆಯೇ ಹುಡುಕಿಕೊಂಡಿದ್ದಳು’ ಎಂದು ಅಪ್ಪ ಬರೆದುಕೊಟ್ಟರೆ ಪರವಾನಗಿ ಉಳಿಯುವ ಸಾಧ್ಯತೆ ಇದೆ ಎಂದಿದ್ದರಂತೆ ವಕೀಲರು. ಅಪ್ಪ ಎದ್ದು ಟೋಪಿ ಹಾಕಿಕೊಂಡುಬಿಟ್ಟರಂತೆ. ಅವರು ಆಡಿದ ಮಾತನ್ನು ಮಾತ್ರ ಅವಳು ಅವರದೇ ಕನ್ನಡದಲ್ಲಿ, ತಡವರಿಸುತ್ತಾ ಹೇಳಿದಳು. “ಆಕಿ ನಮ್ಮನಿ ಹೆಣ್ಮಗಳು. ಕದ್ದು ನೋಡಿದ್ಳು ಅಂತ ನಾ ಹೆಂಗ ಬರೀಲಿ?”

ಸಂಜೆ ನಾನು ಇಲ್ಫರ್ಡ್‌ಗೆ ವಾಪಸು ಬಂದೆ.

ಈಗ ಅವರ ಮನೆಯಲ್ಲಿ ಬೇರೆ ಸಂಸಾರವಿದೆ, ಒಳ್ಳೆಯ ಜನ. ಕಿಟಕಿಯ ಪರದೆ ಬದಲಾಗಿದೆ. ನನಗೆ ಕಾಕಾ ಬೇಕು. ಸಂಜೆ ಗೋಡೆಗೆ ಎರಡು ಸಲ ತಟ್ಟಿ ಕರೆಯುತ್ತಿದ್ದ ಆ ಮನುಷ್ಯ ಬೇಕು. ತಪ್ಪಾಯಿತು ಕಾಕಾ, ನಿಮ್ಮ ಬಂದೂಕನ್ನು ಕಳೆದವಳು ನಾನು ಎಂದು ಮೊನ್ನೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ಹೇಳಿದೆ. ಮೊದಲ ಬಾರಿಗೆ ಮಾತು ಪೂರ್ತಿಯಾಯಿತು. ನಡುವೆ ಬಾಯಿ ಹಾಕಿ ಚಹಾ ಕೇಳಲು ಯಾರೂ ಇರಲಿಲ್ಲ.